ಔಟ್‌ಲಾಸ್ಟ್, ರೆಸಿಡೆಂಟ್ ಈವಿಲ್ 7, ಏಲಿಯನ್ ಐಸೊಲೇಷನ್: ಮೂರನ್ನೂ ಆಡಿ ಮುಗಿಸಿದ ಮೇಲೆ ಒಂದು ಹೋಲಿಕೆ

ಆಟಗಾರನ ಕಣ್ಣಿನಿಂದಲೇ ಎಲ್ಲವನ್ನೂ ತೋರಿಸುವ, ರಕ್ತಪಾತವನ್ನು ಮರೆಮಾಚದ ಸರ್ವೈವಲ್ ಹಾರರ್ (ಬದುಕುಳಿಯುವುದೇ ಗುರಿಯಾದ ಭಯಾನಕ) ವೀಡಿಯೊ ಆಟಗಳ ಮಾತು ಬಂದಾಗಲೆಲ್ಲ ಮಡಿಕೇರಿಯ ನಮ್ಮ ಬಳಗ ಮೂರು ಪಕ್ಷವಾಗುತ್ತದೆ. ಒಂದು ಪಕ್ಷದವರಿಗೆ 2013ರ ಔಟ್‌ಲಾಸ್ಟ್‌ಗಿಂತ ಭಯಾನಕವಾದದ್ದು ಇಲ್ಲ. ಇನ್ನೊಂದು ಪಕ್ಷದವರು 2017ರ ರೆಸಿಡೆಂಟ್ ಈವಿಲ್ 7 ಎಲ್ಲ ವಿಷಯದಲ್ಲೂ ಮೇಲು ಎನ್ನುತ್ತಾರೆ. ಸಂಖ್ಯೆಯಲ್ಲಿ ಚಿಕ್ಕದಾದರೂ ಹಟದಲ್ಲಿ ದೊಡ್ಡದಾದ ಮೂರನೆಯ ಪಕ್ಷವು 2014ರ ಏಲಿಯನ್ ಐಸೊಲೇಷನ್ ಬಿಟ್ಟು ಬೇರೆ ಹೆಸರೆತ್ತಲು ಬಿಡುವುದಿಲ್ಲ. ಮೂರನ್ನೂ ಒಂದೇ ಕಂಪ್ಯೂಟರಿನಲ್ಲಿ, ಒಂದೇ ಹೆಡ್‌ಫೋನ್ ಹಾಕಿಕೊಂಡು, ಹೆಚ್ಚಾಗಿ ಮಳೆಗಾಲದ ರಾತ್ರಿಗಳಲ್ಲಿ ಆಡಿ ಮುಗಿಸಿರುವುದರಿಂದ ನನ್ನ ಅಭಿಪ್ರಾಯವನ್ನು ಕಾರಣಸಹಿತ ಹೇಳುವ ಧೈರ್ಯ ಬಂದಿದೆ. ಆಟಗಳಿಗೆ ವಯೋಮಿತಿ ಸೂಚಿಸುವ ಅಮೆರಿಕದ ಇಎಸ್‌ಆರ್‌ಬಿ ಸಂಸ್ಥೆ ಈ ಮೂರಕ್ಕೂ 17 ವರ್ಷ ಮೇಲ್ಪಟ್ಟವರಿಗೆ ಎಂಬ ದರ್ಜೆಯನ್ನೇ ನೀಡಿದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದವರು ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಹಿಂಸೆಯ ಪ್ರಮಾಣವನ್ನೇ ಅಳತೆಗೋಲಾಗಿ ಹಿಡಿದರೆ ಔಟ್‌ಲಾಸ್ಟ್ ಮೊದಲ ಸ್ಥಾನವನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಕೆನಡಾದ ಮಾಂಟ್ರಿಯಲ್‌ನ ರೆಡ್ ಬ್ಯಾರಲ್ಸ್ ಸಂಸ್ಥೆಯ ಈ ಚೊಚ್ಚಲ ಆಟದಲ್ಲಿ ಮೈಲ್ಸ್ ಅಪ್‌ಶರ್ ಎಂಬ ಪತ್ರಕರ್ತ, ಹೆಸರು ಹೇಳದ ಯಾರೋ ಕಳಿಸಿದ ಇಮೇಲ್ ನಂಬಿ, ಕೊಲರಾಡೊದ ಬೆಟ್ಟಗಳ ನಡುವೆ ಇರುವ ಮೌಂಟ್ ಮ್ಯಾಸಿವ್ ಎಂಬ ಮಾನಸಿಕ ಆಸ್ಪತ್ರೆಯೊಳಗೆ ನುಸುಳುತ್ತಾನೆ. ಅವನ ಕೈಯಲ್ಲಿರುವುದು ಒಂದು ಕ್ಯಾಮ್‌ಕಾರ್ಡರ್ ಮಾತ್ರ. ಕತ್ತಲಲ್ಲಿ ದಾರಿ ಕಾಣಬೇಕಾದರೆ ಅದರ ನೈಟ್ ವಿಷನ್ ಹಾಕಬೇಕು. ಹಾಕಿದರೆ ಬ್ಯಾಟರಿ ಕರಗುತ್ತದೆ. ಹೊಡೆಯುವುದಕ್ಕೆ ಇಲ್ಲಿ ಬಟನ್ನೇ ಇಲ್ಲ. ಓಡಬೇಕು, ಬಾಗಿಲು ಹಾಕಿಕೊಳ್ಳಬೇಕು, ಮಂಚದ ಕೆಳಗೋ ಲಾಕರಿನೊಳಗೋ ಅಡಗಬೇಕು. ಹಸಿರು ಬಣ್ಣದ ಮಸುಕು ಬೆಳಕು, ನಾಯಕನದೇ ಏದುಸಿರು, ಎಲ್ಲಿಂದಲೋ ಸಮೀಪಿಸುವ ಕ್ರಿಸ್ ವಾಕರ್ ಎಂಬ ದೈತ್ಯನ ಸರಪಳಿ ಸದ್ದು ಇವೆಲ್ಲ ಸೇರಿ ಮೊದಲ ಭಾಗವನ್ನು ನಿಜಕ್ಕೂ ಉಸಿರುಗಟ್ಟಿಸುವಂತೆ ಮಾಡುತ್ತವೆ ಎಂಬುದನ್ನು ಒಪ್ಪದವರು ನಮ್ಮಲ್ಲಿ ಯಾರೂ ಇಲ್ಲ.

ಭಿನ್ನಾಭಿಪ್ರಾಯ ಶುರುವಾಗುವುದು ನಡುವಿನಿಂದ ಮುಂದೆ. ಟ್ರೇಗರ್ ಎಂಬ ವೈದ್ಯ ನಾಯಕನನ್ನು ಕುರ್ಚಿಗೆ ಕಟ್ಟಿ ಎರಡು ಬೆರಳುಗಳನ್ನು ಕತ್ತರಿಸುವ ದೃಶ್ಯದ ಹೊತ್ತಿಗೆ ಆಟವು ತನ್ನ ಹಿಂಸೆಯ ತುತ್ತತುದಿಯನ್ನು ಮುಟ್ಟಿರುತ್ತದೆ. ಅಲ್ಲಿಂದಾಚೆಗೆ ಎಷ್ಟು ಹೆಣ ತೋರಿಸಿದರೂ, ಗೋಡೆಗೆ ಎಷ್ಟು ರಕ್ತ ಬಳಿದರೂ ಕಣ್ಣು ಅದನ್ನು ಗೋಡೆಯ ಬಣ್ಣವೆಂಬಂತೆ ದಾಟಿ ಬ್ಯಾಟರಿ ಎಲ್ಲಿದೆ ಎಂದು ಹುಡುಕುತ್ತದೆ. ಕೆಲಸಗಳೂ ಪುನರಾವರ್ತನೆಯಾಗುತ್ತವೆ: ಎರಡು ಪಂಪ್ ಚಾಲೂ ಮಾಡು, ಒಂದು ಸ್ವಿಚ್ ಎಳೆ, ನಡುವೆ ಗಸ್ತು ತಿರುಗುವವನೊಬ್ಬನಿಂದ ತಪ್ಪಿಸಿಕೊ. ಆ ಗಸ್ತಿನ ದಾರಿ ಒಮ್ಮೆ ತಿಳಿದರೆ ದೈತ್ಯನೂ ವೇಳಾಪಟ್ಟಿಯ ಪ್ರಕಾರ ಬಂದುಹೋಗುವ ಬಸ್ಸಿನಂತಾಗಿಬಿಡುತ್ತಾನೆ. 2014ರಲ್ಲಿ ಇದಕ್ಕೆ ಸೇರಿಸಿದ ವಿಸಲ್‌ಬ್ಲೋವರ್ ಎಂಬ ಹೆಚ್ಚುವರಿ ಭಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದೇಹದ ವಿರೂಪವನ್ನೂ ಲೈಂಗಿಕ ಕ್ರೌರ್ಯವನ್ನೂ ತೋರಿಸುತ್ತದೆ. ನನ್ನ ಚಿಕ್ಕಪ್ಪನ ಮಗಳು ಅಷ್ಟರಲ್ಲೇ ಕಂಟ್ರೋಲರ್ ಕೆಳಗಿಟ್ಟು, "ಇದರಲ್ಲಿ ಹೆದರುವುದಕ್ಕೆ ಏನೂ ಇಲ್ಲ ಅಣ್ಣಾ, ಬರೀ ಹೇಸಿಗೆ" ಎಂದಳು. ಇನ್ನೊಂದು ಆಕ್ಷೇಪವನ್ನು ನಾನೇ ಸೇರಿಸುತ್ತೇನೆ: ಮನೋರೋಗಿಗಳೆಂದರೆ ಆಯುಧ ಹಿಡಿದು ಕತ್ತಲಲ್ಲಿ ಕಾದು ನಿಂತವರು ಎಂಬ ಚಿತ್ರಣಕ್ಕೆ, ಅವರನ್ನು ಹಾಗೆ ಮಾಡಿದ್ದು ಮರ್ಕಾಫ್ ಎಂಬ ಕಂಪನಿಯ ಪ್ರಯೋಗಗಳು ಎಂಬ ವಿವರಣೆಯನ್ನು ಕಥೆ ಕೊಟ್ಟರೂ, ಆಡುವಾಗ ಮನಸ್ಸಿನಲ್ಲಿ ಉಳಿಯುವುದು ವಿವರಣೆಯಲ್ಲ, ಚಿತ್ರ.

ಈ ಆಟದಲ್ಲಿ ಆಯುಧವಿಲ್ಲ ಎಂಬುದರ ಬಗ್ಗೆ ಕೊಡಗಿನಲ್ಲಿ ಕೇಳಿಬರುವ ದೂರಿಗೆ ಒಂದು ಸ್ಥಳೀಯ ಬಣ್ಣವಿದೆ. ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇರುವ, ಕೈಲ್ ಮುಹೂರ್ತದ ಹಬ್ಬದಂದು ಕೋವಿಗೆ ತೋಕ್ ಪೂ ಎಂಬ ಹೂವನ್ನಿಟ್ಟು ಪೂಜಿಸುವ ಈ ಜಿಲ್ಲೆಯಲ್ಲಿ, ಪ್ರಾಣಕ್ಕೆ ಸಂಚಕಾರ ಬಂದಾಗಲೂ ನೆಲದ ಮೇಲಿನ ಒಂದು ಕಬ್ಬಿಣದ ಸರಳನ್ನಾದರೂ ಎತ್ತಿಕೊಳ್ಳದ ನಾಯಕನನ್ನು ಕಂಡು ವಿರಾಜಪೇಟೆಯ ಗೆಳೆಯನೊಬ್ಬ ಸಿಟ್ಟಾಗಿದ್ದ. ಅವನ ಸಿಟ್ಟಿನಲ್ಲಿ ನ್ಯಾಯವಿದೆ. ಆಯುಧ ಕೊಡದಿರುವುದು ಭಯ ಹುಟ್ಟಿಸುವ ಸುಲಭದ ದಾರಿ. ಆಯುಧವನ್ನು ಕೊಟ್ಟೂ ಭಯವನ್ನು ಉಳಿಸಿಕೊಳ್ಳುವುದು ಕಷ್ಟದ ದಾರಿ. ಉಳಿದೆರಡು ಆಟಗಳು ಆ ಕಷ್ಟದ ದಾರಿಯನ್ನೇ ಹಿಡಿದಿವೆ, ಬೇರೆ ಬೇರೆ ರೀತಿಯಲ್ಲಿ.

ಜಪಾನಿನ ಕ್ಯಾಪ್‌ಕಾಮ್ 1996ರಿಂದ ನಡೆಸಿಕೊಂಡು ಬಂದ ರೆಸಿಡೆಂಟ್ ಈವಿಲ್ ಸರಣಿಯ ಮುಖ್ಯ ಆಟಗಳು ಅಲ್ಲಿಯವರೆಗೆ ನಾಯಕನನ್ನು ಹೊರಗಿನಿಂದಲೇ ತೋರಿಸುತ್ತಿದ್ದವು. ಏಳನೆಯದರಲ್ಲಿ ಅದು ಫಸ್ಟ್ ಪರ್ಸನ್ ಆಯಿತು. ಹಳೆಯ ಅಭಿಮಾನಿಗಳಲ್ಲಿ ಕೆಲವರು ಇದು ನಮ್ಮ ಸರಣಿಯೇ ಅಲ್ಲ ಎಂದು ಮುಖ ತಿರುಗಿಸಿದರು; ನನ್ನ ಮಟ್ಟಿಗೆ ಆ ಬದಲಾವಣೆಯೇ ಸರಣಿಯನ್ನು ಉಳಿಸಿತು. ಈಥನ್ ವಿಂಟರ್ಸ್ ಕಾಣೆಯಾದ ಹೆಂಡತಿಯನ್ನು ಹುಡುಕಿಕೊಂಡು ಲೂಸಿಯಾನದ ಜೌಗು ನೆಲದಲ್ಲಿರುವ ಬೇಕರ್ ಕುಟುಂಬದ ಮನೆಗೆ ಬರುತ್ತಾನೆ. ಆಮೇಲೆ ನಡೆಯುವ ಹಿಂಸೆ ಔಟ್‌ಲಾಸ್ಟ್‌ನಷ್ಟಲ್ಲದಿದ್ದರೂ ಕಡಿಮೆಯೇನೂ ಅಲ್ಲ: ಚೈನ್ ಸಾ ಅವನ ಎಡಗೈಯನ್ನೇ ಕತ್ತರಿಸುತ್ತದೆ, ಮನೆಯ ಯಜಮಾನ ಜ್ಯಾಕ್ ಬೇಕರ್ ಎಷ್ಟು ಸಲ ಸತ್ತರೂ ಎದ್ದು ಬರುತ್ತಾನೆ. ಜಪಾನಿನಲ್ಲಿ ಸಾಮಾನ್ಯ ಆವೃತ್ತಿಯ ಜೊತೆಗೆ, ವಯಸ್ಕರಿಗೆ ಮಾತ್ರ ಮಾರುವ ಹೆಚ್ಚು ಕ್ರೂರವಾದ ಆವೃತ್ತಿಯೊಂದನ್ನು ಬೇರೆಯಾಗಿಯೇ ಬಿಡುಗಡೆ ಮಾಡಿದ್ದರು ಎಂಬುದರಿಂದ ಅದರ ಪ್ರಮಾಣವನ್ನು ಊಹಿಸಬಹುದು.

ಆದರೂ ಇಲ್ಲಿ ರಕ್ತ ಬೇಸರ ತರಿಸುವುದಿಲ್ಲ. ಕೈಗೆ ಮೊದಲು ಕೊಡಲಿ, ಆಮೇಲೆ ಪಿಸ್ತೂಲು, ಮುಂದೆ ಶಾಟ್‌ಗನ್ ಸಿಗುತ್ತದೆ ನಿಜ. ಗುಂಡುಗಳನ್ನು ಮಾತ್ರ ಎಣಿಸಿ ಎಣಿಸಿ ಕೊಡುತ್ತಾರೆ, ಇಟ್ಟುಕೊಳ್ಳುವ ಜಾಗವನ್ನೂ ಬಿಗಿಯಾಗಿ ಹಿಡಿದಿದ್ದಾರೆ. ಔಷಧದ ಬಾಟಲಿಗೆ ಬಳಸುವ ದ್ರವದಿಂದಲೇ ಗುಂಡನ್ನೂ ತಯಾರಿಸಬಹುದಾದ್ದರಿಂದ, ಗಾಯಕ್ಕೆ ಮದ್ದೋ ಕೋವಿಗೆ ಮದ್ದೋ ಎಂಬ ಲೆಕ್ಕಾಚಾರ ಪ್ರತಿ ಕೋಣೆಯಲ್ಲೂ ಇರುತ್ತದೆ. ಹಿಂಸೆಯ ಪ್ರತಿ ದೃಶ್ಯಕ್ಕೂ ಆಟಗಾರ ಏನೋ ಒಂದನ್ನು ತೆರಬೇಕಾಗಿರುವುದರಿಂದ ಅದು ಬರೀ ಪ್ರದರ್ಶನವಾಗಿ ಉಳಿಯುವುದಿಲ್ಲ. ಬೇಕರ್ ಕುಟುಂಬದ ಮಗ ಲೂಕಸ್‌ನ ಹುಟ್ಟುಹಬ್ಬದ ಕೋಣೆ ಈ ಜಾಣ್ಮೆಗೆ ಒಳ್ಳೆಯ ಉದಾಹರಣೆ. ಹಳೆಯ ವೀಡಿಯೊ ಟೇಪೊಂದರಲ್ಲಿ ಬೇರೊಬ್ಬನಾಗಿ ಆಡಿ ಆ ಕೋಣೆಯ ಒಗಟನ್ನು ಬಿಡಿಸುವಾಗ ಅವನು ಸುಟ್ಟು ಸಾಯುತ್ತಾನೆ. ನಂತರ ಈಥನ್ ಅದೇ ಕೋಣೆಗೆ ಬಂದಾಗ, ಸತ್ತವನಿಂದ ಕಲಿತದ್ದನ್ನು ಬಳಸಿ ಆಟಗಾರ ಬಲೆಯನ್ನು ತಪ್ಪಿಸಿಕೊಳ್ಳುತ್ತಾನೆ. ಕಥೆಯೊಳಗೆ ಈಥನ್‌ಗೆ ಅದು ಗೊತ್ತಾಗುವುದಕ್ಕೂ ಆಟಗಾರನಿಗೆ ಗೊತ್ತಿರುವುದಕ್ಕೂ ನಡುವಿನ ಗೆರೆಯನ್ನು ಇಷ್ಟು ಚೆನ್ನಾಗಿ ಬಳಸಿಕೊಂಡ ಆಟ ನನಗೆ ಬೇರೆ ಕಂಡಿಲ್ಲ.

ಇದರ ದೋಷದ ಬಗ್ಗೆ ಆಟಗಾರರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ, ನಾನೂ ಅದಕ್ಕೆ ಸಹಿ ಹಾಕುತ್ತೇನೆ. ಬೇಕರ್ ಮನೆಯನ್ನು ಬಿಟ್ಟು ಹಡಗಿಗೆ ಹೋದ ಮೇಲೆ ಆಟದ ಕಳೆ ಇಳಿಯುತ್ತದೆ. ಬೂಷ್ಟು ಹಿಡಿದ ಕಪ್ಪು ರಾಕ್ಷಸರಲ್ಲಿ ವೈವಿಧ್ಯವಿಲ್ಲ. ಗುಂಡು ಧಾರಾಳವಾದಷ್ಟೂ ಭಯ ಕಡಿಮೆಯಾಗುತ್ತದೆ.

ಏಲಿಯನ್ ಐಸೊಲೇಷನ್ ಅನ್ನು ಮಾಡಿದವರು ಇಂಗ್ಲೆಂಡಿನ ಕ್ರಿಯೇಟಿವ್ ಅಸೆಂಬ್ಲಿ, ಪ್ರಕಟಿಸಿದವರು ಸೆಗಾ. ಕಥೆ ನಡೆಯುವುದು 2137ರಲ್ಲಿ, ಸೆವಾಸ್ಟೊಪೋಲ್ ಎಂಬ ಅಂತರಿಕ್ಷ ನಿಲ್ದಾಣದಲ್ಲಿ. ಕಾಣೆಯಾದ ತಾಯಿಯ ಅಂತರಿಕ್ಷ ಹಡಗಿನ ದಾಖಲೆ ಪೆಟ್ಟಿಗೆ ಸಿಕ್ಕಿದೆ ಎಂಬ ಸುದ್ದಿ ಕೇಳಿ ಅಲ್ಲಿಗೆ ಹೋದ ಅಮಾಂಡಾ ರಿಪ್ಲಿಯನ್ನು ಆಟದ ಬಹುಪಾಲು ಒಂದೇ ಒಂದು ಅನ್ಯಗ್ರಹದ ಪ್ರಾಣಿ ಬೆನ್ನು ಹತ್ತುತ್ತದೆ. ಕೊಲ್ಲುವ ದೃಶ್ಯಗಳು ಕ್ರೂರವಾದರೂ ಕ್ಷಣಿಕ. ರಕ್ತದ ಮಟ್ಟಿಗೆ ಮೂರರಲ್ಲಿ ಇದೇ ಅತಿ ಸಂಯಮದ ಆಟ. ಹಾಗಿದ್ದೂ ಹೆಡ್‌ಫೋನ್ ತೆಗೆದಿಟ್ಟು ನಾನು ಎದ್ದು ಹೋದದ್ದು ಇದೊಂದರಲ್ಲಿ ಮಾತ್ರ.

ಕಾರಣವಿರುವುದು ಆ ಪ್ರಾಣಿಯ ಬುದ್ಧಿಯನ್ನು ಕಟ್ಟಿದ ರೀತಿಯಲ್ಲಿ. ಆಟದೊಳಗೆ ಎರಡು ಪದರಗಳಿವೆ. ಮೇಲಿನ ಪದರಕ್ಕೆ ಆಟಗಾರ ಎಲ್ಲಿದ್ದಾನೆಂಬುದು ಸದಾ ತಿಳಿದಿರುತ್ತದೆ. ಅದು ಪ್ರಾಣಿಗೆ ಆ ಜಾಗವನ್ನೇ ಹೇಳದೆ, ಯಾವ ಕಡೆ ಹುಡುಕಬಹುದೆಂಬ ಸುಳಿವನ್ನಷ್ಟೇ ಆಗಾಗ ಕೊಡುತ್ತದೆ, ಒತ್ತಡ ವಿಪರೀತವಾದಾಗ ದೂರಕ್ಕೆ ಸರಿಸುತ್ತದೆ. ಕೆಳಗಿನ ಪದರವಾದ ಪ್ರಾಣಿ ತನ್ನ ಕಣ್ಣು ಕಿವಿಗಳಿಂದಲೇ ಹುಡುಕಬೇಕು. ಆದ್ದರಿಂದ ಔಟ್‌ಲಾಸ್ಟ್‌ನಲ್ಲಿ ಕಂಠಪಾಠ ಮಾಡಬಹುದಾದ ಗಸ್ತಿನ ದಾರಿ ಇಲ್ಲಿ ಇಲ್ಲವೇ ಇಲ್ಲ. ಕೈಯಲ್ಲಿರುವ ಮೋಷನ್ ಟ್ರ್ಯಾಕರ್ ಚಲನೆಯನ್ನು ಚುಕ್ಕೆಯಾಗಿ ತೋರಿಸುತ್ತದೆ. ಅದನ್ನು ಎತ್ತಿ ನೋಡಿದರೆ ಮುಂದಿನ ದೃಶ್ಯ ಮಸುಕಾಗುತ್ತದೆ, ಹತ್ತಿರದಲ್ಲಿದ್ದರೆ ಅದರ ಬೀಪ್ ಸದ್ದು ಪ್ರಾಣಿಗೂ ಕೇಳುತ್ತದೆ. ರಿವಾಲ್ವರ್ ಇದೆ, ಅದರಿಂದ ಈ ಪ್ರಾಣಿ ಸಾಯುವುದಿಲ್ಲ. ಬೆಂಕಿ ಉಗುಳುವ ಫ್ಲೇಮ್‌ಥ್ರೋವರ್ ಸಿಕ್ಕಾಗ ಸ್ವಲ್ಪ ಹೊತ್ತು ನೆಮ್ಮದಿ ಎನಿಸುತ್ತದೆ. ಪದೇ ಪದೇ ಬಳಸಿದಂತೆ ಪ್ರಾಣಿಗೆ ಬೆಂಕಿಯ ಹೆದರಿಕೆಯೂ ಕಡಿಮೆಯಾಗುತ್ತದೆ. ಇದನ್ನು ಆಡುವುದನ್ನು ಪಕ್ಕದಲ್ಲಿ ಕೂತು ನೋಡುತ್ತಿದ್ದ, ಸಿದ್ದಾಪುರದ ಕಡೆ ಕಾಫಿ ತೋಟ ನೋಡಿಕೊಳ್ಳುವ ಗೆಳೆಯನಿಗೆ ಆಟದ ಇತಿಹಾಸವಾಗಲಿ ತಂತ್ರಜ್ಞಾನವಾಗಲಿ ಗೊತ್ತಿರಲಿಲ್ಲ. ಪಟಾಕಿಗೆ ಮೊದಲು ಹೆದರಿ ಆಮೇಲೆ ಕಿವಿಯನ್ನೂ ಅಲ್ಲಾಡಿಸದೆ ನಿಲ್ಲುವ ಆನೆಗಳನ್ನು ಕಂಡಿದ್ದ ಅವನು, "ಇದಕ್ಕೂ ಅಭ್ಯಾಸ ಆಗಿದೆ ಮಾರಾಯ, ಇನ್ನು ಬೆಂಕಿ ಬೇಡ, ಸುಮ್ಮನೆ ಕೂತುಕೋ" ಎಂದ. ಆ ಸಲಹೆಯೇ ಸರಿಯಾಗಿತ್ತು.

ಕೊಡಗಿನಲ್ಲಿ ಈ ಆಟಗಳನ್ನು ಹೋಲಿಸುವವರು ಬೇರೆಡೆಯ ವಿಮರ್ಶಕರು ಅಷ್ಟಾಗಿ ಗಮನಿಸದ ಒಂದು ಸಂಗತಿಯನ್ನು ಪರಿಗಣಿಸಲೇಬೇಕು: ಆಡಿದಷ್ಟು ಸೇವ್ ಆಗುವ, ಅಂದರೆ ಉಳಿಯುವ, ವಿಧಾನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರವೋ ಕೊಂಬೆಯೋ ತಂತಿಯ ಮೇಲೆ ಬಿದ್ದು ಯಾವ ಗಳಿಗೆಯಲ್ಲಾದರೂ ಕರೆಂಟ್ ಹೋಗಬಹುದು, ಹೋದದ್ದು ಮರುದಿನ ಬಂದರೆ ಪುಣ್ಯ. ಔಟ್‌ಲಾಸ್ಟ್ ಚೆಕ್‌ಪಾಯಿಂಟ್‌ಗಳಲ್ಲಿ ತಾನಾಗಿ ಸೇವ್ ಮಾಡಿಕೊಳ್ಳುತ್ತದೆ, ನಷ್ಟವಾದರೆ ಕೆಲವೇ ನಿಮಿಷಗಳದು; ಅದರ ಇನ್‌ಸೇನ್ ಎಂಬ ಕಠಿಣ ದರ್ಜೆಯಲ್ಲಿ ಚೆಕ್‌ಪಾಯಿಂಟೇ ಇಲ್ಲವಾದ್ದರಿಂದ ಮಳೆಗಾಲದಲ್ಲಿ ಅದರ ಗೊಡವೆಗೆ ಹೋಗದಿರುವುದು ಒಳ್ಳೆಯದು. ರೆಸಿಡೆಂಟ್ ಈವಿಲ್ 7 ಸಾಮಾನ್ಯ ದರ್ಜೆಯಲ್ಲಿ ತಾನೂ ಸೇವ್ ಮಾಡುತ್ತದೆ, ಸುರಕ್ಷಿತ ಕೋಣೆಗಳಲ್ಲಿರುವ ಟೇಪ್ ರೆಕಾರ್ಡರ್‌ನಲ್ಲಿ ನಾವೂ ಮಾಡಿಕೊಳ್ಳಬಹುದು. ಮ್ಯಾಡ್‌ಹೌಸ್ ಎಂಬ ಕಠಿಣ ದರ್ಜೆಯಲ್ಲಿ ಮಾತ್ರ ಕ್ಯಾಸೆಟ್ ಇದ್ದರೆ ಸೇವ್, ಇಲ್ಲದಿದ್ದರೆ ಇಲ್ಲ. ಏಲಿಯನ್ ಐಸೊಲೇಷನ್ ಎಲ್ಲಕ್ಕಿಂತ ನಿರ್ದಯಿ. ಗೋಡೆಯ ಮೇಲಿನ ಯಂತ್ರವನ್ನು ಹುಡುಕಿ, ಅದಕ್ಕೆ ಕಾರ್ಡ್ ತೂರಿಸಿ, ಮೂರು ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುವವರೆಗೆ ನಿಂತಿರಬೇಕು. ಆ ನಡುವೆ ಪ್ರಾಣಿ ಬಂದು ಕೊಂದರೂ ಕೇಳುವವರಿಲ್ಲ. ಆಟದೊಳಗಿನ ಪ್ರಾಣಿಗೂ ಹೊರಗಿನ ಗಾಳಿಮಳೆಗೂ ಒಟ್ಟಿಗೆ ಹೆದರುತ್ತಾ ಆಡಿದ ಅನುಭವ ನನಗೆ ಇನ್ನಾವ ಆಟವೂ ಕೊಟ್ಟಿಲ್ಲ. ಇನ್ವರ್ಟರ್ ಅಥವಾ ಯುಪಿಎಸ್ ಇಲ್ಲದವರು ಇದನ್ನು ಬೇಸಿಗೆಗೆ ಇಟ್ಟುಕೊಳ್ಳುವುದು ಉತ್ತಮ. ಶಬ್ದದ ವಿಷಯವೂ ಅಷ್ಟೇ: ಶೀಟ್ ಹೊದಿಸಿದ ಮನೆಯಲ್ಲಿ ಮಳೆ ಜೋರಾದರೆ ಗಾಳಿಯ ನಾಳದೊಳಗೆ ಪ್ರಾಣಿ ಸರಿದಾಡುವ ಸದ್ದು ಸಾದಾ ಇಯರ್‌ಫೋನಿನಲ್ಲಿ ಕೇಳುವುದೇ ಇಲ್ಲ, ಕೇಳದಿದ್ದರೆ ಈ ಆಟವನ್ನು ಆಡಿಯೂ ಪ್ರಯೋಜನವಿಲ್ಲ.

ಡೌನ್‌ಲೋಡ್ ವಿಷಯದಲ್ಲಿ ಔಟ್‌ಲಾಸ್ಟ್‌ಗೆ ಸುಮಾರು 5 ಜಿಬಿ, ರೆಸಿಡೆಂಟ್ ಈವಿಲ್ 7ಕ್ಕೆ 24, ಏಲಿಯನ್‌ಗೆ 35 ಜಿಬಿ ಜಾಗ ಬೇಕು. ಹಳೆಯ ಕಂಪ್ಯೂಟರ್ ಇದ್ದವರಿಗೆ ಔಟ್‌ಲಾಸ್ಟ್ ಸಲೀಸು. ಏಲಿಯನ್ 2021ರಿಂದ ಮೊಬೈಲಿನಲ್ಲೂ ಇದೆ. ಚಿಕ್ಕ ಪರದೆಯ ಮೇಲೆ ಬೆರಳಿನಿಂದ ಅಡಗಿ ಕೂರುವುದು ನನ್ನ ಕೈಗೆ ಒಗ್ಗಲಿಲ್ಲ.

ಏಲಿಯನ್ ವಿರುದ್ಧ ಹೇಳಬೇಕಾದ ಮಾತು ಅದರ ಉದ್ದದ ಬಗ್ಗೆ. ಔಟ್‌ಲಾಸ್ಟ್ ಐದಾರು ಗಂಟೆಗಳಲ್ಲಿ, ರೆಸಿಡೆಂಟ್ ಈವಿಲ್ 7 ಒಂಬತ್ತು ಹತ್ತು ಗಂಟೆಗಳಲ್ಲಿ ಮುಗಿಯುತ್ತವೆ. ಏಲಿಯನ್ ಹದಿನೆಂಟು ಇಪ್ಪತ್ತು ಗಂಟೆ ಎಳೆಯುತ್ತದೆ. ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಲಿಫ್ಟ್, ಇನ್ನೊಂದು ಜನರೇಟರ್, ಇನ್ನೊಂದು ಮುಚ್ಚಿದ ಬಾಗಿಲು. ಪ್ರಾಣಿಯೇ ಇಲ್ಲದೆ, ಬಿಳಿಚಿದ ಮುಖದ ಯಂತ್ರಮಾನವರೊಂದಿಗೆ ಮಾತ್ರ ಸೆಣಸುವ ನಡುವಿನ ಅಧ್ಯಾಯಗಳನ್ನು ಕತ್ತರಿಸಿದ್ದರೆ ಯಾರೂ ಅಳುತ್ತಿರಲಿಲ್ಲ. ಇದು ಬೇಸರದ ಆಟ ಎನ್ನುವವರ ವಾದವನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಅವರಲ್ಲಿ ಹಲವರು ಕಠಿಣ ದರ್ಜೆಯಲ್ಲಿ ಆಡಿ, ಸತ್ತು ಸತ್ತು ರೋಸಿಹೋದವರು. ಸುಲಭದ ದರ್ಜೆಯಲ್ಲಿ ಪ್ರಾಣಿ ಆಗಾಗ ದೂರ ಹೋಗುವುದರಿಂದ ಭಯಕ್ಕೆ ಕುತ್ತು ಬರುವುದಿಲ್ಲ, ತಾಳ್ಮೆಗೆ ಮಾತ್ರ ಅನುಕೂಲವಾಗುತ್ತದೆ.

ನನ್ನ ಕ್ರಮಾಂಕದಲ್ಲಿ ಏಲಿಯನ್ ಮೊದಲು, ರೆಸಿಡೆಂಟ್ ಈವಿಲ್ 7 ಅದರ ಬೆನ್ನಿಗೇ, ಔಟ್‌ಲಾಸ್ಟ್ ಸಾಕಷ್ಟು ದೂರದಲ್ಲಿ ಮೂರನೆಯದು. ಈ ಬಗೆಯ ಆಟವನ್ನು ಹಿಂದೆಂದೂ ಮುಟ್ಟದವರಿಗೆ ಮಾತ್ರ ನಾನು ಕೊಡುವುದು ರೆಸಿಡೆಂಟ್ ಈವಿಲ್ 7. ಅದು ಆಟಗಾರನಿಗೆ ಕಲಿಯಲು ಸಮಯ ಕೊಡುತ್ತದೆ. ಔಟ್‌ಲಾಸ್ಟ್ ಪಕ್ಷದವರು ಇದಕ್ಕೆ ಒಪ್ಪಿಲ್ಲ. ಅವರೀಗ ಒಂದೇ ಮೃಗ, ಒಂದೇ ರಿವಾಲ್ವರ್, ಗುರ್ರೆಂದು ಸದ್ದು ಮಾಡುತ್ತಾ ಚಾರ್ಜ್ ಮಾಡಬೇಕಾದ ಕೈ ಟಾರ್ಚ್ ಇರುವ 2023ರ ಆಮ್ನೀಷಿಯಾ ದಿ ಬಂಕರ್ ಹಿಡಿದಿದ್ದಾರೆ. ಮೊದಲನೆಯ ಮಹಾಯುದ್ಧದ ಫ್ರೆಂಚ್ ಬಂಕರಿನಲ್ಲಿ ಜನರೇಟರಿಗೆ ಇಂಧನ ತುಂಬುತ್ತಾ, ಅದು ಮುಗಿಯುವುದರೊಳಗೆ ಕೆಲಸ ಮುಗಿಸಿ ಹಿಂದಿರುಗಬೇಕಾದ ಆ ಆಟದಲ್ಲಿ ವಸ್ತುಗಳ ಜಾಗವೂ ಬೀಗದ ಸಂಖ್ಯೆಗಳೂ ಪ್ರತಿ ಹೊಸ ಆಟಕ್ಕೆ ಬದಲಾಗುತ್ತವೆ. ನಾನು ಅರ್ಧದಲ್ಲಿದ್ದೇನೆ, ಇಲ್ಲಿಯವರೆಗೆ ನೋಡಿದ್ದರಲ್ಲಿ ಅದು ಏಲಿಯನ್‌ಗೆ ಹತ್ತಿರ, ಔಟ್‌ಲಾಸ್ಟ್‌ಗೆ ದೂರ.