ಹೆಸರಿಗೆ ಲ್ಯಾಪ್‌ಟಾಪು, ತೊಡೆಗೆ ಕೆಂಡ: ಮೂರು ವರ್ಷ ಬಳಸಿದ ಮೇಲೆ

ಪ್ರೊಸೆಸರ್ ಯಾವುದು, ರ್‍ಯಾಮ್ ಎಷ್ಟು ಅನ್ನೋದನ್ನೆಲ್ಲ ನೀವು ಆಗಲೇ ನೋಡಿರುತ್ತೀರಿ, ಬಿಡಿ. ತೆಳ್ಳನೆಯ ಲೋಹದ ಮೈ, ಒಂದೇ ಒಂದು ಫ್ಯಾನು, 14 ಇಂಚಿನ ಪರದೆ. ಇಷ್ಟು ಗೊತ್ತಿದ್ದರೆ ಸಾಕು. ನಾನು ಬರೆಯಲು ಕೂತಿರುವುದು ನನ್ನ ಎಡತೊಡೆಯ ವಿಷಯ.

ನನ್ನದು ಅನುವಾದದ ಕೆಲಸ. ಮೇಜಿನ ಮುಂದೆ ಕೂತರೆ ನನಗೆ ಒಂದು ಸಾಲೂ ಸಾಗುವುದಿಲ್ಲ. ಸೋಫಾದ ಮೂಲೆ ಹಿಡಿದು, ಬೆನ್ನಿಗೊಂದು ದಿಂಬು ಕೊಟ್ಟು, ಕಾಲು ಚಾಚಿ, ತೊಡೆ ಮೇಲೆ ಯಂತ್ರ ಇಟ್ಟುಕೊಂಡರೇ ಕೈ ಓಡುವುದು. ಮನೆಯವರೆಲ್ಲ ಮಲಗಿದ ಮೇಲೆ ದಿನಾ ಎರಡು ಮೂರು ಗಂಟೆ ಇದೇ ಭಂಗಿ. ಮೊದಲ ಹತ್ತು ನಿಮಿಷ ಆ ತಣ್ಣನೆ ಲೋಹ ತೊಡೆಗೆ ತಾಗುವುದೇ ಒಂದು ಸುಖ. ಆಮೇಲೆ ನಿಘಂಟಿನ ಹತ್ತಿಪ್ಪತ್ತು ಟ್ಯಾಬು ತೆರೆದಿರುತ್ತೇನೆ, ಅದರ ಮಧ್ಯೆ ಒಂದು ಅಪ್‌ಡೇಟು ತಾನಾಗಿಯೇ ಶುರುವಾಗಿರುತ್ತದೆ. ಇಸ್ತ್ರಿಪೆಟ್ಟಿಗೆ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಮುಟ್ಟಿದ ಹಾಗಿನ ಬಿಸಿ, ಅದೂ ಸರಿಯಾಗಿ ಎಸ್ಕೇಪ್ ಕೀ ಇರುವ ಕಡೆ, ತಳದಲ್ಲಿ. ನನ್ನ ಯಂತ್ರದಲ್ಲಿ ಪ್ರೊಸೆಸರ್ ಕೂತಿರುವುದು ಅಲ್ಲೇ.

ಒಂದು ರಾತ್ರಿ ಮಗನಿಗೆ ಜ್ವರ ನೋಡಲು ಎದ್ದ ನನ್ನ ಹೆಂಡತಿ, ಹಣೆಗೆ ಹಿಡಿಯುವ ಥರ್ಮಾಮೀಟರನ್ನು ಹಾಗೇ ಲ್ಯಾಪ್‌ಟಾಪಿನ ತಳಕ್ಕೂ ಹಿಡಿದಳು. ಅದು ಅಂಕಿ ತೋರಿಸಲೇ ಇಲ್ಲ. ‘ಹೈ’ ಅಂತ ಬರೆದು ಕೆಂಪಗಾಗಿ ಕೀಂಯ್‌ಗುಟ್ಟಿತು. ಜ್ವರದ ಥರ್ಮಾಮೀಟರಿನ ಲೆಕ್ಕ ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗೇ ಮುಗಿದುಹೋಗುತ್ತದೆ. ‘ಇದಕ್ಕೆ ಮಾತ್ರೆ ಸಾಲಲ್ಲ ಕಣ್ರೀ, ಅಡ್ಮಿಟ್ಟೇ ಮಾಡಿಸಿ’ ಅಂದಳು. ನಗು ಬಂತು.

ಚರ್ಮದ ಡಾಕ್ಟರ ಎದುರು ಕೂತಾಗ ಆ ನಗು ಇರಲಿಲ್ಲ. ಎರಡನೇ ವರ್ಷದ ಕೊನೆಗೆ ಎಡತೊಡೆಯ ಮೇಲೆ ಕಂದು ಬಣ್ಣದ ಬಲೆ ಹರಡಿದಂಥ ಗುರುತು ಮೂಡಿತ್ತು. ಉರಿಯಿಲ್ಲ, ತುರಿಕೆಯಿಲ್ಲ. ನೋಡಿದ ತಕ್ಷಣ ಅವರು ಕೇಳಿದ್ದು ಒಂದೇ: ‘ಲ್ಯಾಪ್‌ಟಾಪ್ ಇಲ್ಲೇ ಇಟ್ಕೋತೀರಲ್ವಾ?’ ಇದರ ಹೆಸರು ಎರಿಥೀಮಾ ಅಬ್ ಇಗ್ನೆ. ಸುಟ್ಟ ಗಾಯ ಆಗುವಷ್ಟು ಬಿಸಿ ಬೇಕಾಗಿಲ್ಲ. 43ರಿಂದ 47 ಡಿಗ್ರಿ ಬಿಸಿ ಒಂದೇ ಜಾಗಕ್ಕೆ ತಿಂಗಳುಗಟ್ಟಲೆ ತಾಗುತ್ತಿದ್ದರೆ ಸಾಕು. ಹಿಂದೆ ಒಲೆಯ ಮುಂದೆ ಕೂರುವವರ ಕಾಲಿಗೆ, ಬಿಸಿನೀರಿನ ಚೀಲ ಒತ್ತಿಕೊಳ್ಳುವವರ ಸೊಂಟಕ್ಕೆ ಬರುತ್ತಿದ್ದದ್ದು ಈಗ ನಮ್ಮ ತೊಡೆಗೆ ಬಂದಿದೆ. ಮನೆಗೆ ಬಂದು ಹುಡುಕಿದರೆ, 2010ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು 12 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದಿದ್ದರು. ದಿನಾ ಗೇಮ್ ಆಡುತ್ತಿದ್ದ ಅವನಿಗೂ ಎಡತೊಡೆಯೇ. ಎಡಗಡೆ ಬಿಸಿಯಾಗುವುದು ಗೊತ್ತಿದ್ದೂ ಅವನು ಯಂತ್ರದ ಜಾಗ ಬದಲಿಸಿರಲಿಲ್ಲ. ಅವನು ಹುಡುಗ, ಸರಿ. ನನಗೇನಾಗಿತ್ತು?

ಅವತ್ತು ಈ ಯಂತ್ರಕ್ಕೆ ಒಂದೇ ಸ್ಟಾರ್ ಕೊಡುವವನಿದ್ದೆ. ಗಾಳಿ ಒಳಗೆ ಹೋಗುವ ಕಿಂಡಿಗಳೆಲ್ಲ ತಳದಲ್ಲೇ ಇವೆ. ಮೇಜಿನ ಮೇಲಾದರೆ ರಬ್ಬರ್ ಕಾಲುಗಳು ಕೆಲವೇ ಮಿಲಿಮೀಟರ್ ಎತ್ತಿ ಹಿಡಿಯುತ್ತವೆ, ಅಷ್ಟರಲ್ಲೇ ಉಸಿರಾಡುತ್ತದೆ. ತೊಡೆಯ ಮಾಂಸ, ಪಂಚೆ, ಹೊದಿಕೆ ಎಲ್ಲ ಸೇರಿ ಆ ಸಂದನ್ನು ಮುಚ್ಚಿದರೆ ಫ್ಯಾನು ಗೋಳಿಡುತ್ತದೆ, ಪ್ರೊಸೆಸರ್ 100 ಡಿಗ್ರಿ ಹತ್ತಿರ ಹೋಗಿ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ನಮಗೆ ಕಾಣುವುದು ಕರ್ಸರ್ ತಡವರಿಸುವುದಷ್ಟೇ. ಜೊತೆಗೆ ಬಂದ ಕೈಪಿಡಿಯ ಮೂಲೆಯಲ್ಲಿ, ಇದನ್ನು ನೇರವಾಗಿ ತೊಡೆ ಮೇಲೆ ಇಡಬೇಡಿ ಅಂತ ಸಣ್ಣ ಅಕ್ಷರದಲ್ಲಿ ಇದೆ. ಜಾಹೀರಾತಿನ ಚಿತ್ರದಲ್ಲಿ ಆ ಹುಡುಗಿ ಎಲ್ಲಿಟ್ಟುಕೊಂಡಿದ್ದಳು ಅಂತ ಮಾತ್ರ ಕೇಳಬೇಡಿ.

ಗಂಡಸರಿಗೆ ಇನ್ನೊಂದು ಮಾತು, ಮುಜುಗರ ಪಟ್ಟುಕೊಂಡು ಬಿಟ್ಟುಬಿಡುವಂಥದ್ದಲ್ಲ. 2005ರಲ್ಲಿ ನ್ಯೂಯಾರ್ಕಿನ ಸಂಶೋಧಕರು 29 ಯುವಕರನ್ನು ಒಂದು ಗಂಟೆ ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂರಿಸಿ ಅಳೆದಾಗ ವೃಷಣಚೀಲದ ಉಷ್ಣತೆ ಎರಡೂವರೆ ಡಿಗ್ರಿಗೂ ಮೇಲೆ ಏರಿತ್ತು. ಯಂತ್ರವಿಲ್ಲದೆ ಬರೀ ತೊಡೆ ಜೋಡಿಸಿ ಕೂತಾಗಲೇ ಸುಮಾರು ಎರಡು ಡಿಗ್ರಿ ಏರಿತ್ತಂತೆ. ಅಂದರೆ ತಪ್ಪೆಲ್ಲ ಯಂತ್ರದ್ದಲ್ಲ, ಕೂರುವ ಭಂಗಿಯದ್ದೂ ಹೌದು. ಆ ಅಧ್ಯಯನ ಅಳೆದದ್ದು ಬಿಸಿಯನ್ನು, ಸಂತಾನಶಕ್ತಿಯನ್ನಲ್ಲ.

ಮಾರಿಬಿಡೋಣ ಅಂದುಕೊಂಡೆ, ಹೊಸದಕ್ಕೆ ಕೈಯಲ್ಲಿ ಕಾಸಿರಲಿಲ್ಲ. ಆ ಬಡತನವೇ ನನಗೆ ಉಪಕಾರ ಮಾಡಿತು. ಹಳೇ ಕಪಾಟಿನಿಂದ ಬಿಚ್ಚಿಟ್ಟಿದ್ದ ಒಂದು ಪ್ಲೈವುಡ್ ಹಲಗೆ ತೆಗೆದು, ಅಂಚುಗಳನ್ನು ಉಜ್ಜುಕಾಗದದಲ್ಲಿ ತಿಕ್ಕಿ ನುಣುಪು ಮಾಡಿದೆ. ಲೋಹ ಬಿಸಿಯನ್ನು ತಕ್ಷಣ ಮೈಗೆ ದಾಟಿಸುತ್ತದೆ, ಮರ ಹಾಗೆ ದಾಟಿಸುವುದಿಲ್ಲ. ಗಟ್ಟಿ ಹಲಗೆಯಾದ್ದರಿಂದ ತಳದ ಕಿಂಡಿಗಳೂ ಮತ್ತೆ ತೆರೆದುಕೊಂಡವು. ಆಮೇಲೆ ತಳದ ಸ್ಕ್ರೂ ಬಿಚ್ಚಿ ನೋಡಿದರೆ ಫ್ಯಾನಿಗೂ ಅದರ ಮುಂದಿನ ಲೋಹದ ರೆಕ್ಕೆಗಳಿಗೂ ನಡುವೆ ಧೂಳು ಕಂಬಳಿಯ ತುಂಡಿನ ಹಾಗೆ ಒತ್ತಾಗಿ ಕೂತಿತ್ತು. ಚಿಮುಟದಲ್ಲಿ ಹಿಡಿದು ಎಳೆದರೆ ಇಡೀ ಪಟ್ಟಿಯೇ ಬಂತು. (ಗಾಳಿ ಊದುವಾಗ ಫ್ಯಾನು ತಿರುಗದಂತೆ ಒಂದು ಕಡ್ಡಿ ತಡೆ ಕೊಡಿ.)

ನಿಜವಾದ ಖುಷಿ ಸಿಕ್ಕಿದ್ದು ಮಾತ್ರ ಒಂದು ಅಂಕಿಯಲ್ಲಿ. ವಿಂಡೋಸಿನ ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿ ಶೇಕಡಾ 100 ಇರುತ್ತದೆ. ಅದನ್ನು 99 ಮಾಡಿದೆ. ಒಂದು ಅಂಕಿಯಿಂದ ಏನಾದೀತು ಅನ್ನಿಸುತ್ತದೆ, ಆದರೆ ನನ್ನ ಯಂತ್ರದಲ್ಲಿ ಅದು ಟರ್ಬೊವನ್ನೇ, ಅಂದರೆ ಪ್ರೊಸೆಸರ್ ತನ್ನ ಮಾಮೂಲಿ ವೇಗ ಮೀರಿ ಓಡುವುದನ್ನೇ, ನಿಲ್ಲಿಸಿಬಿಟ್ಟಿತು. ಟೈಪು ಮಾಡುವವನಿಗೆ, ನಿಘಂಟು ತಿರುವುವವನಿಗೆ ಟರ್ಬೊ ಯಾಕೆ? ವಿಡಿಯೊ ಎಡಿಟ್ ಮಾಡುವವರು ಈ ಸಾಲು ಹಾರಿಸಿ. ಅವತ್ತು ರಾತ್ರಿ ಕೆಲಸ ಮಾಡುತ್ತಾ ಏನೋ ಕಳೆದುಹೋದ ಹಾಗೆ ಅನ್ನಿಸಿತು. ಹುಡುಕಿದರೆ, ಫ್ಯಾನಿನ ಸದ್ದು. ಗೋಡೆ ಗಡಿಯಾರ ಟಿಕ್ ಟಿಕ್ ಅನ್ನುತ್ತದೆ ಅಂತ ಈ ಮನೆಯಲ್ಲಿ ನನಗೆ ಮೊದಲ ಸಲ ಗೊತ್ತಾಯಿತು.

ಈಗ ದಿನಾ ಹಲಗೆ ಮೊದಲು, ಯಂತ್ರ ಆಮೇಲೆ. ವಿಡಿಯೊ ಕಾಲ್ ಇದ್ದರೆ ಸೋಫಾದಿಂದ ಎದ್ದು ಮೇಜಿಗೆ. ಚಾರ್ಜಿಂಗ್ ಕೂಡ ಮೇಜಿನ ಮೇಲೇ, ಯಾಕೆಂದರೆ ಚಾರ್ಜ್ ಆಗುವಾಗ ಬಿಸಿ ಇನ್ನಷ್ಟು, ಬಿಸಿಯಿದ್ದಷ್ಟೂ ಬ್ಯಾಟರಿಯ ಆಯಸ್ಸು ಕಡಿಮೆ. ತೊಡೆಯ ಬಲೆ ಆರು ತಿಂಗಳಲ್ಲಿ ಮುಕ್ಕಾಲು ಪಾಲು ಮಾಸಿದೆ. ಹಾಗೇ ಮುಂದುವರಿಸಿದ್ದರೆ ಗುರುತು ಶಾಶ್ವತವಾಗಿ ಉಳಿಯುತ್ತಿತ್ತು, ಅಪರೂಪಕ್ಕೆ ಅದೇ ಜಾಗದಲ್ಲಿ ಕ್ಯಾನ್ಸರೂ ಆಗುವುದುಂಟು ಅಂದಿದ್ದರು ಡಾಕ್ಟರು.

ಐದಕ್ಕೆ ಮೂರು ಸ್ಟಾರು. ಕೀಬೋರ್ಡಿಗೆ ಎರಡು, ಪರದೆಗೆ ಒಂದು. ತೊಡೆಗೆ ಸಿಕ್ಕ ಸುಖದ ಸ್ಟಾರು ಹಲಗೆಗೆ ಹೋಗಬೇಕು. ಮುಂದಿನ ಸಲ ಕೊಳ್ಳುವಾಗ ಮೊದಲು ಮಗುಚಿ ತಳ ನೋಡುತ್ತೇನೆ, ಅರ್ಧ ಗಂಟೆ ವಿಡಿಯೊ ಓಡಿಸಿ ಅಂಗೈ ಇಟ್ಟು ನೋಡುತ್ತೇನೆ, ಫ್ಯಾನೇ ಇಲ್ಲದ ಮಾದರಿ ಕೈಗೆಟುಕಿದರೆ ಅದನ್ನೇ ಕೊಳ್ಳುತ್ತೇನೆ. ಥರ್ಮಾಮೀಟರ್ ಜೇಬಿನಲ್ಲಿ ಹಾಕಿಕೊಂಡು ಹೋಗಿ ಅಂತ ಮನೆಯಿಂದ ಸಲಹೆ ಬಂದಿದೆ.