ನಾಲ್ಕು ವರ್ಷ ಓಡಿಸಿದ ಬಿಎಸ್ 6 ಲಾರಿ: ಡೀಸೆಲ್‌ನಲ್ಲಿ ಉಳಿಸಿದ್ದನ್ನು ಯೂರಿಯಾ ತಿಂದಿತು

ಮೊದಲೇ ಬಿಲ್ ಹೇಳಿಬಿಡುತ್ತೇನೆ. 1,77,232 ರೂಪಾಯಿ. ಇಂಜಿನ್ ಇಳಿಸಿದ್ದಲ್ಲ, ಗೇರ್ ಬಾಕ್ಸ್ ಬಿಚ್ಚಿದ್ದಲ್ಲ, ಆಕ್ಸಿಡೆಂಟ್ ಅಂತೂ ಅಲ್ಲವೇ ಅಲ್ಲ. ಬಿಎಸ್ 6 ಅಂದರೆ ಹೊಸ ಹೊಗೆ ನಿಯಮದ ಲಾರಿ. ಹೊಗೆ ಶುದ್ಧ ಮಾಡಲು ಇದರ ಎಕ್ಸಾಸ್ಟಿಗೆ ಯೂರಿಯಾ ದ್ರಾವಣ ಚಿಮುಕಿಸುತ್ತಾರೆ. ಆ ಯೂರಿಯಾ ಪಂಪು, ಒಂದು ನಾಝಲ್, ಒಂದು ಸೆನ್ಸರ್, ಜೊತೆಗೆ ಒಂದಿಷ್ಟು ಪೈಪು ಫಿಲ್ಟರು. ಇಷ್ಟಕ್ಕೆ.

ಲಾರಿ ತಗೊಂಡಿದ್ದು 2021ರ ಕೊನೆಯಲ್ಲಿ. ಟೆನ್ ವೀಲರ್. ಈಗ ಮೀಟರ್ 2 ಲಕ್ಷ 90 ಸಾವಿರ ತೋರಿಸುತ್ತಿದೆ. ಓನರೂ ನಾನೇ, ಡ್ರೈವರೂ ನಾನೇ. ಕಂಪನಿ ಹೆಸರು ಬರೆಯಲ್ಲ. ಬೇರೆ ಕಂಪನಿ ಲಾರಿ ಇಟ್ಟವರ ಹತ್ತಿರವೂ ಇದೇ ಕಥೆ ಕೇಳಿದ್ದೇನೆ. ಹಾರ್ಸ್ ಪವರ್, ಟಾರ್ಕ್ ಎಲ್ಲ ಬ್ರೋಷರ್‌ನಲ್ಲಿದೆ, ಅಲ್ಲೇ ನೋಡಿಕೊಳ್ಳಿ.

ನನ್ನ ಊರು ಹಿರಿಯೂರು ಕಡೆ. ದಾವಣಗೆರೆಯಿಂದ ಮೆಕ್ಕೆಜೋಳ ಹೇರಿಕೊಂಡು ನಾಮಕ್ಕಲ್ ಕೋಳಿ ಫೀಡ್ ಮಿಲ್ಲುಗಳಿಗೆ ಹೋಗುತ್ತೇನೆ. ವಾಪಸ್ ಬರುವಾಗ ಸೇಲಂನಲ್ಲಿ ಸಾಬಕ್ಕಿ ಲೋಡ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಎರಡು ದಿನ ಬ್ರೋಕರ್ ಆಫೀಸಿನ ಮುಂದೆ ಚಹಾ ಕುಡಿಯುತ್ತಾ ಕೂರಬೇಕು. ಹೋಗಿ ಬರಲು ಸಾವಿರ ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಡೀಸೆಲ್, ಟೋಲ್, ಕಂತು, ಇನ್ಶೂರೆನ್ಸ್ ಎಲ್ಲ ಕಳೆದರೆ ಟ್ರಿಪ್ಪಿಗೆ ಏಳೆಂಟು ಸಾವಿರ ಕೈಯಲ್ಲಿ ನಿಲ್ಲುತ್ತದೆ. ಅಂದರೆ ಆ ಒಂದು ಬಿಲ್ಲಿಗೆ ಇಪ್ಪತ್ತಮೂರು ಟ್ರಿಪ್ಪಿನ ದುಡಿಮೆ ಹೋಯಿತು.

2024ರ ನವೆಂಬರ್. ಮೆಕ್ಕೆಜೋಳದ ಸೀಸನ್ ಜೋರಾಗಿತ್ತು. ಹಿಂದಿನ ದಿನದಿಂದಲೇ ಮೀಟರ್ ಬೋರ್ಡಿನಲ್ಲಿ ಹಳದಿ ಲೈಟ್ ಉರಿಯುತ್ತಿತ್ತು. ಅದು ಮುಂಚೆಯೂ ಎರಡು ಸಲ ಬಂದು ತಾನೇ ಹೋಗಿತ್ತು. ಈ ಸಲವೂ ಹೋಗುತ್ತೆ ಅಂತ ಸುಮ್ನೆ ಬಿಟ್ಟೆ. ಸಾಬಕ್ಕಿ ಹೇರಿಕೊಂಡು ಸೇಲಂ-ಧರ್ಮಪುರಿ ಮಧ್ಯದ ತೊಪ್ಪೂರು ಘಾಟಿ ಹತ್ತುವಾಗ ಎಳೆತವೇ ಇಲ್ಲ. ಪಕ್ಕದಲ್ಲಿ ಹಳೇ ಲಾರಿಗಳು ಹೊಗೆ ಬಿಟ್ಟುಕೊಂಡು ನನ್ನನ್ನೇ ದಾಟಿ ಹೋದವು. ಹೇಗೋ ಮೇಲೆ ಹತ್ತಿಸಿ, ನಿಲ್ಲಿಸಿ, ಊಟ ಮಾಡಿ ಮತ್ತೆ ಸ್ಟಾರ್ಟ್ ಮಾಡಿದೆ. ಈಗ ಗಂಟೆಗೆ 20 ಕಿಲೋಮೀಟರ್ ಮೇಲೆ ಹೋಗುವುದೇ ಇಲ್ಲ! ಇಂಜಿನ್‌ಗೆ ಏನೂ ಆಗಿಲ್ಲ, ಶಬ್ದ ಸರಿಯಾಗಿದೆ, ಆದರೆ ಕಂಪ್ಯೂಟರ್ ಬಿಡುತ್ತಿಲ್ಲ. ಯೂರಿಯಾ ಕೆಟ್ಟರೆ ಹೀಗೆ ಕಟ್ಟಿಹಾಕಬೇಕು ಅಂತ ನಿಯಮವೇ ಇದೆಯಂತೆ. ಮೊದಲು ಎಳೆತ ಕಡಿಮೆ ಮಾಡುತ್ತದೆ, ಆಮೇಲೆ ಎಮ್ಮೆ ನಡಿಗೆ. ಹೈವೇಯಲ್ಲಿ ಇಂಡಿಕೇಟರ್ ಹಾಕಿಕೊಂಡು ಎಡಗಡೆ ತೆವಳಿಕೊಂಡು ಕಂಪನಿ ವರ್ಕ್‌ಶಾಪ್ ಮುಟ್ಟಿದೆ.

ಅಲ್ಲಿ ಸೂಪರ್‌ವೈಸರ್ ಲ್ಯಾಪ್‌ಟಾಪ್ ಚುಚ್ಚಿ ನೋಡಿ, ‘ಕ್ಲೀನ್ ಮಾಡಿದ್ರೆ ಆಗುತ್ತೆ ಸರ್, ನಲವತ್ತು ಸಾವಿರದೊಳಗೆ ಮುಗಿಯುತ್ತೆ’ ಅಂದ. ಎರಡನೇ ದಿನ ನಾಝಲ್ ಅಂದ. ನಾಲ್ಕನೇ ದಿನ ಪಂಪ್ ಅಂದ. ಪಂಪ್ ಬರಲು ಮೂರು ದಿನ. ಬಂದ ಮೇಲೆ ಸೆನ್ಸರ್ ಅಂದ. ಅಷ್ಟರಲ್ಲಿ ಪಾರ್ಟಿ ಫೋನ್ ಮೇಲೆ ಫೋನ್. ಸಾಬಕ್ಕಿಯನ್ನು ಬೇರೆ ಲಾರಿಗೆ ಬದಲಾಯಿಸಿದೆ. ಅದರ ಹಮಾಲಿ, ಆ ಲಾರಿಯ ಬಾಡಿಗೆ ಈ ಬಿಲ್ಲಿನಲ್ಲಿ ಸೇರಿಲ್ಲ. ಒಂಬತ್ತು ದಿನ ಕ್ಯಾಬಿನ್‌ನಲ್ಲೇ ಮಲಗಿದೆ.

ಬಿಲ್ ಹೀಗಿತ್ತು. ಪಂಪ್ 68,500. ನಾಝಲ್ 21,200. ಹೊಗೆಯಲ್ಲಿನ ಕೆಟ್ಟ ಗ್ಯಾಸು ಅಳೆಯುವ ನಾಕ್ಸ್ ಸೆನ್ಸರ್ 31,400. ಫಿಲ್ಟರ್, ಪೈಪು 6,300. ಲೇಬರ್ 12,000. ಇದರ ಮೇಲೆ ಪಾರ್ಟ್ಸ್‌ಗೆ ಆಗ 28 ಪರ್ಸೆಂಟ್ ಜಿಎಸ್‌ಟಿ, ಲೇಬರ್‌ಗೆ 18. ಬರೀ ತೆರಿಗೆಯೇ 37,832! ದೊಡ್ಡ ಫ್ಲೀಟ್‌ನವರು ಅದನ್ನು ಲೆಕ್ಕದಲ್ಲಿ ಎಲ್ಲಾದರೂ ಹೊಂದಿಸಿಕೊಳ್ಳಬಹುದೇನೋ. ಒಂದೇ ಲಾರಿ ಇಟ್ಟುಕೊಂಡು ಜಿಎಸ್‌ಟಿ ನಂಬರೂ ಇಲ್ಲದ ನನ್ನಂಥವನಿಗೆ ಅದು ಪೂರ್ತಿ ಜೇಬಿನಿಂದಲೇ. 2025ರ ಸೆಪ್ಟೆಂಬರ್ 22ರಿಂದ ಪಾರ್ಟ್ಸ್‌ಗೂ 18 ಆಗಿದೆ. ನನ್ನ ಲಾರಿ ಹತ್ತು ತಿಂಗಳು ಮೊದಲೇ ಕೆಟ್ಟಿತು, ಏನು ಮಾಡೋಣ.

ವಾರಂಟಿ ಕೇಳಿದೆ. ಸೂಪರ್‌ವೈಸರ್ ಮಾತಾಡಲಿಲ್ಲ. ಬಿಚ್ಚಿದ ನಾಝಲ್ ತಂದು ನನ್ನ ಕೈಗಿಟ್ಟ. ತುದಿಯ ಸುತ್ತ ಬೆಳ್ಳಗೆ, ಗಟ್ಟಿಯಾಗಿ, ಕಲ್ಲುಸಕ್ಕರೆ ಅಂಟಿಸಿದ ಹಾಗೆ ಇತ್ತು. ಉಗುರಿನಲ್ಲಿ ಕೆರೆದರೂ ಬರಲಿಲ್ಲ. ‘ಯಾವ ಯೂರಿಯಾ ಹಾಕ್ತೀರಾ ಸರ್?’ ಅಂದ.

ಇಲ್ಲಿಗೆ ನನ್ನ ಕೋಪ ಅರ್ಧ ಇಳಿಯಿತು. ಸುಳ್ಳು ಹೇಳಿ ಪ್ರಯೋಜನವಿಲ್ಲ. ಎಂಟು ತಿಂಗಳಿಂದ ನಾನು ಹಾಕುತ್ತಿದ್ದದ್ದು ಹೈವೇ ಪಕ್ಕದ ಶೆಡ್ಡಿನಲ್ಲಿ ನೀಲಿ ಡ್ರಮ್ಮಿನಿಂದ ಹಿಡಿದುಕೊಡುವ ಲೂಸ್ ಮಾಲು. ಕಂಪನಿ ಬಕೆಟ್‌ಗಿಂತ ಲೀಟರಿಗೆ 25 ರೂಪಾಯಿ ಕಡಿಮೆ. ಎಂಟು ತಿಂಗಳಲ್ಲಿ ಹತ್ತಿರ ಹತ್ತಿರ 470 ಲೀಟರ್ ಕುಡಿದಿರಬೇಕು. ಉಳಿಸಿದ್ದು ಹನ್ನೊಂದು ಹನ್ನೆರಡು ಸಾವಿರ.

ಟ್ಯಾಂಕಿಗೆ ಹಾಕುವ ಈ ದ್ರಾವಣದಲ್ಲಿ 32.5 ಪರ್ಸೆಂಟ್ ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಬಿಸಿ ಎಕ್ಸಾಸ್ಟಿಗೆ ಇದನ್ನು ಚಿಮುಕಿಸಿದರೆ ಹೊಗೆಯಲ್ಲಿನ ಕೆಟ್ಟ ಗ್ಯಾಸು ಸಾರಜನಕ ಮತ್ತು ನೀರಾಗಿ ಹೊರಗೆ ಹೋಗುತ್ತದೆ. ಕಳ್ಳ ಮಾಲಿನವರು ಹೊಲಕ್ಕೆ ಹಾಕುವ ಯೂರಿಯಾವನ್ನೇ ಬೋರ್‌ವೆಲ್ ನೀರಿನಲ್ಲಿ ಕಲಸುತ್ತಾರೆ. ಹೊಲದ ಯೂರಿಯಾಗೆ ಬೇವಿನ ಎಣ್ಣೆ ಲೇಪ ಇರುತ್ತದೆ. ಇನ್ನು ನಮ್ಮ ಕಡೆ ಬೋರ್ ನೀರು ಕಾಯಿಸಿದರೆ ಹಂಡೆಯ ತಳವೆಲ್ಲ ಬೆಳ್ಳಗೆ. ಅದೇ ನೀರು ಕೂದಲಿನಷ್ಟು ಸಣ್ಣ ತೂತಿನಲ್ಲಿ ಹೋದರೆ ಏನಾಗಬೇಕು? ರೈತನ ಮಗ ನಾನು. ಇದು ನನಗೆ ಹೊಳೆಯಬೇಕಿತ್ತು.

ಸರಿ, ತಪ್ಪು ನನ್ನದೇ ಅಂತ ದುಡ್ಡು ಕಟ್ಟಿದೆ. ಹೆಂಡತಿಯ ಸಂಘದಲ್ಲಿ 50 ಸಾವಿರ, ಭಾವನ ಹತ್ತಿರ 80, ಉಳಿದದ್ದು ಟೈರಿಗೆ ಅಂತ ಇಟ್ಟಿದ್ದ ದುಡ್ಡು. ಅವತ್ತಿನಿಂದ ಬಕೆಟ್ ಮಾತ್ರ. ಸೀಲ್ ನೋಡಿ, ತಾರೀಖು ನೋಡಿ ತಗೊಳ್ಳುತ್ತೇನೆ. ಬಿಸಿಲಲ್ಲಿ ತಿಂಗಳುಗಟ್ಟಲೆ ಇಟ್ಟ ಮಾಲು ಬೇಡ. ಡೀಸೆಲ್‌ಗೆ ಬಳಸಿದ ಆಲಿಕೆ ಇದಕ್ಕೆ ಮುಟ್ಟಿಸಲ್ಲ. ಇದಕ್ಕೇ ಬೇರೆ ಆಲಿಕೆ ಇದೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೀಟಿನ ಹಿಂದೆ ಇಟ್ಟಿದ್ದೇನೆ. ನಮ್ಮ ಕ್ಲೀನರ್ ಹುಡುಗ ಅದನ್ನು ‘ದೇವರ ಆಲಿಕೆ’ ಅಂತಾನೆ.

ಇಷ್ಟು ಬೈದ ಮೇಲೂ ಲಾರಿಯ ಬಗ್ಗೆ ಒಂದು ಒಳ್ಳೆ ಮಾತು ಹೇಳಲೇಬೇಕು. ಲೋಡ್ ಹಾಕಿಕೊಂಡು ತೊಪ್ಪೂರು ಇಳಿಯುವುದು ಅಂದರೆ ಹಳೇ ಲಾರಿಯಲ್ಲಿ ಕೈ ಬೆವರುತ್ತಿತ್ತು. ಅಲ್ಲಿ ಬ್ರೇಕ್ ಸುಟ್ಟು ಎಷ್ಟು ಲಾರಿ ಹೋಗಿವೆ ಅಂತ ಆ ರೂಟಿನಲ್ಲಿ ಓಡಿಸುವವರಿಗೆಲ್ಲ ಗೊತ್ತು. ಇದರಲ್ಲಿ ಗೇರ್ ಇಳಿಸಿ ಎಕ್ಸಾಸ್ಟ್ ಬ್ರೇಕ್ ಒತ್ತಿದರೆ ಸಾಕು. ಯಾರೋ ಹಿಂದಿನಿಂದ ಹಗ್ಗ ಹಿಡಿದುಕೊಂಡ ಹಾಗೆ ಇಳಿಯುತ್ತದೆ. ಕೆಳಗೆ ಹೋಗಿ ಬ್ರೇಕ್ ಡ್ರಮ್ ಹತ್ತಿರ ಕೈ ಹಿಡಿದರೆ ಬೆಚ್ಚಗಷ್ಟೇ. ಡೀಸೆಲ್ ಕೂಡ ಹಳೆಯದಕ್ಕಿಂತ ಚೆನ್ನಾಗಿ ಕೊಡುತ್ತದೆ. ಲೋಡ್ ಇದ್ದೂ ಲೀಟರಿಗೆ 4 ಮುಟ್ಟಿಸಿದ್ದೇನೆ. ಕ್ಯಾಬಿನ್, ಸೀಟು ಪರವಾಗಿಲ್ಲ.

ಮತ್ತೆ ಕೋಪ ಬಂದಿದ್ದು ಆರು ತಿಂಗಳಾದ ಮೇಲೆ. ಅದೇ ಹಳದಿ ಲೈಟು! ಬಕೆಟ್ ಯೂರಿಯಾ ಹಾಕಿಯೂ ಇದ್ಯಾಕೆ? ಈ ಸಲ ಬೇರೆ ಊರಿನ ಕಂಪನಿ ವರ್ಕ್‌ಶಾಪ್. ಲ್ಯಾಪ್‌ಟಾಪ್ ಚುಚ್ಚಿದರು, ‘ಸೆನ್ಸರ್ ಹೋಗಿದೆ, ಹೊಸದು ಹಾಕಬೇಕು’ ಅಂದರು. ಮತ್ತೆ ನಲವತ್ತು ಸಾವಿರದ ಮಾತು. ನಾನು ಬೇಡ ಅಂತ ಹೇಳಿ ಲಾರಿ ತಗೊಂಡು ಬಂದೆ. ಶಿರಾ ಹತ್ತಿರ ಒಬ್ಬ ಲಾರಿ ಎಲೆಕ್ಟ್ರಿಷಿಯನ್ ಹುಡುಗನಿದ್ದಾನೆ. ಅವನು ಕೆಳಗೆ ನುಸುಳಿ ಮುಕ್ಕಾಲು ಗಂಟೆ ವೈರ್ ಹಿಡಿದುಕೊಂಡು ಹೋದ. ಕೊನೆಗೆ ಒಂದು ಸಾಕೆಟ್ ಬಿಚ್ಚಿ ತೋರಿಸಿದ. ಒಳಗಿನ ಪಿನ್ನುಗಳು ಹಸಿರು ಪಾಚಿ ಕಟ್ಟಿದ್ದವು. ಉಜ್ಜಿ, ಸ್ಪ್ರೇ ಹೊಡೆದು, ಟೇಪ್ ಸುತ್ತಿದ. ‘ಆರುನೂರು ಕೊಡಣ್ಣ’ ಅಂದ. ಲೈಟ್ ಮತ್ತೆ ಬಂದಿಲ್ಲ.

ಅವನೇ ಇನ್ನೊಂದು ಕೇಳಿದ. ‘ಅಣ್ಣ, ರಾತ್ರಿ ಗಾಡಿ ಆಫ್ ಮಾಡಿದ ತಕ್ಷಣ ಬ್ಯಾಟರಿ ಮೇನ್ ಸ್ವಿಚ್ ತೆಗೀತೀರಾ?’ ಹೌದು ಅಂದೆ. ಹಳೇ ಲಾರಿಯಿಂದ ಬಂದ ಅಭ್ಯಾಸ. ಕೀ ತೆಗೆದ ಕೂಡಲೇ ಮೇನ್ ಸ್ವಿಚ್. ಅವನು ತಲೆ ಚಚ್ಚಿಕೊಂಡ. ಕೀ ತೆಗೆದ ಮೇಲೆ ಪಂಪು ಪೈಪಿನಲ್ಲಿ ಉಳಿದ ಯೂರಿಯಾವನ್ನು ವಾಪಸ್ ಟ್ಯಾಂಕಿಗೆ ಎಳೆದುಕೊಳ್ಳಬೇಕಂತೆ. ಅದಕ್ಕೆ ಒಂದೆರಡು ನಿಮಿಷ ಕರೆಂಟ್ ಬೇಕು. ಮಧ್ಯದಲ್ಲೇ ಕರೆಂಟ್ ಕಿತ್ತರೆ ಯೂರಿಯಾ ಪೈಪಿನಲ್ಲೇ ನಿಂತು, ಒಣಗಿ, ಕಲ್ಲಾಗುತ್ತದೆ. ಅಂದರೆ ಮೂರು ವರ್ಷಕ್ಕೂ ಜಾಸ್ತಿ ಕಾಲ ಪ್ರತಿ ರಾತ್ರಿ ನಾನೇ ಕೈಯಾರೆ ಪೈಪು ಕಟ್ಟಿಸುತ್ತಿದ್ದೆ!

ಡೆಲಿವರಿ ದಿನ ಲಾರಿಗೆ ಹಾರ ಹಾಕಿ, ಕೈಗೆ ದೊಡ್ಡ ಕೀ ಕೊಟ್ಟು ಫೋಟೋ ತೆಗೆದರು. ಎರಡು ನಿಮಿಷ ಕಾಯಿರಿ ಅಂತ ಯಾರೂ ಹೇಳಲಿಲ್ಲ. ಲಕ್ಷದ ಎಪ್ಪತ್ತೇಳು ಸಾವಿರ ತಗೊಂಡ ವರ್ಕ್‌ಶಾಪಿನವರೂ ಹೇಳಲಿಲ್ಲ. ಪುಸ್ತಕದಲ್ಲಿ ಇತ್ತು, ಆಮೇಲೆ ಹುಡುಕಿ ನೋಡಿದೆ. ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ.

ಹಾಗಾಗಿ ಲಾರಿಗೆ ಐದಕ್ಕೆ ನಾಲ್ಕು ಸ್ಟಾರ್. ವರ್ಕ್‌ಶಾಪ್ ಸರ್ವಿಸ್‌ಗೆ ಒಂದು, ಅದೂ ಆ ನಾಝಲ್ ಕೈಗಿಟ್ಟು ತೋರಿಸಿದ್ದಕ್ಕೆ. ಒಂದೇ ಲಾರಿ ಇಟ್ಟುಕೊಂಡವರು ತಗೊಳ್ಳಬಹುದಾ ಅಂದರೆ, ತಗೊಳ್ಳಿ. ಆದರೆ ಕಿಲೋಮೀಟರಿಗೆ 2 ರೂಪಾಯಿ ರಿಪೇರಿಗೆ ಅಂತ ಮೊದಲ ದಿನದಿಂದಲೇ ಬೇರೆ ಇಡಿ. ನಾನು ಈಗ ಟ್ರಿಪ್ ಮುಗಿದ ಕೂಡಲೇ ಹೆಂಡತಿಯ ಖಾತೆಗೆ ಹಾಕುತ್ತೇನೆ. ಟೈರಿಗೆ ಕೇಳಿದರೂ ಅವಳು ಕೊಡಲ್ಲ, ‘ಅದು ಯೂರಿಯಾ ದುಡ್ಡು’ ಅಂತಾಳೆ.

ಈಗ ರಾತ್ರಿ ಲಾರಿ ನಿಲ್ಲಿಸಿದರೆ ಎರಡು ನಿಮಿಷ ಟರ್ಬೋ ತಣ್ಣಗಾಗಲಿ ಅಂತ ಇಂಜಿನ್ ಓಡಲು ಬಿಡುತ್ತೇನೆ. ಆಮೇಲೆ ಕೀ ತೆಗೆದು ಕೆಳಗಿಳಿದು ಯೂರಿಯಾ ಟ್ಯಾಂಕಿನ ಹತ್ತಿರ ನಿಲ್ಲುತ್ತೇನೆ. ಒಳಗೆ ಗುರ್ರ್ ಅಂತ ಸಣ್ಣಗೆ ಸದ್ದು ಬರುತ್ತದೆ, ಬೆಕ್ಕು ಮಲಗಿದ ಹಾಗೆ. ಅದು ನಿಂತ ಮೇಲೆ ಮೇನ್ ಸ್ವಿಚ್ ತೆಗೆದು ಊಟಕ್ಕೆ ಹೋಗುತ್ತೇನೆ.