ಮೊದಲ ದಿನವೇ ತಲೆಕೆಳಗಾಗಿ ತೂಗಿಸುವ ಏರಿಯಲ್ ಸಿಲ್ಕ್ ತರಗತಿಗೆ ಸೇರಬೇಡಿ

ಬೆಂಗಳೂರಿನಲ್ಲಿ ಚಾವಣಿಯಿಂದ ಇಳಿಬಿಟ್ಟ ಉದ್ದನೆಯ ಬಟ್ಟೆಯನ್ನು ಹಿಡಿದು ಕಸರತ್ತು ಮಾಡುವ ಏರಿಯಲ್ ಸಿಲ್ಕ್ ತರಗತಿಗಳಿಗೆ ಈಗ ಬೇಡಿಕೆಯಿದೆ. ಕಡಿಮೆ ಶುಲ್ಕದ ಟ್ರಯಲ್ ಕ್ಲಾಸ್ ಒಂದಕ್ಕೆ ಹೋದ ನಾನು ಬಿದ್ದು, ಬಲ ಮಣಿಕಟ್ಟಿನ ಮೂಳೆ ಮುರಿದುಕೊಂಡು ಬಂದೆ. ಈ ಕಲೆಯ ಬಗ್ಗೆ ನನಗೆ ಇಂದಿಗೂ ಗೌರವವಿದೆ. ನನ್ನ ಆಕ್ಷೇಪವಿರುವುದು, ಹೊಸಬರು ಮುಂದಿನ ತಿಂಗಳ ಶುಲ್ಕ ಕಟ್ಟಲೆಂದು ಮೊದಲ ದಿನವೇ ಅವರನ್ನು ತಲೆಕೆಳಗು ಮಾಡಿ, ವಿಡಿಯೊ ತೆಗೆದು ಕಳಿಸುವ ಅವಸರದ ಬಗ್ಗೆ.

ಅಂದು ನೆಲದ ಮೇಲಿನ ವ್ಯಾಯಾಮ ಹೆಸರಿಗೆ ಮಾತ್ರ ನಡೆಯಿತು. ಯಾರಿಗೆ ರಕ್ತದೊತ್ತಡವಿದೆ, ಯಾರಿಗೆ ತಲೆಸುತ್ತು ಬರುತ್ತದೆ, ಯಾರಿಗೆ ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾಗಿದೆ, ಯಾರು ಗರ್ಭಿಣಿ ಎಂದು ಒಬ್ಬರನ್ನೂ ಕೇಳಲಿಲ್ಲ. ತಲೆಕೆಳಗಾದಾಗ ಕಣ್ಣಿನೊಳಗಿನ ಒತ್ತಡ ಏರುವುದರಿಂದ ಗ್ಲಾಕೋಮಾ ಇರುವವರಿಗೆ ಇಂಥ ಭಂಗಿಗಳು ಅಪಾಯಕಾರಿ ಎಂಬುದು ಕಲಿಸುವವರಿಗೆ ಗೊತ್ತಿರಲೇಬೇಕಾದ ಸಂಗತಿ. ನನ್ನ ಪಕ್ಕದಲ್ಲಿದ್ದ ಹೆಣ್ಣುಮಗಳು ಗಾಜಿನ ಬಳೆಗಳನ್ನು ತೊಟ್ಟೇ ಬಟ್ಟೆಯನ್ನು ಕೈಗೆ ಸುತ್ತಿಕೊಂಡರೂ ಅವುಗಳನ್ನು ತೆಗೆದಿಡಿ ಎನ್ನುವವರು ಯಾರೂ ಇರಲಿಲ್ಲ.

ಆಮೇಲೆ ನಮ್ಮನ್ನು ಒಬ್ಬೊಬ್ಬರನ್ನಾಗಿ ಮೇಲೆತ್ತಿ, ಕಾಲುಗಳನ್ನು ಬಟ್ಟೆಯ ಎರಡು ಪದರಗಳ ಆಚೀಚೆ ಚಾಚಿಸಿ, ತಲೆ ಕೆಳಗೆ ಮಾಡಿ ಕೈ ಬಿಡಲು ಹೇಳಿದರು. ನಾನು ಆ ಸ್ಥಿತಿಯಲ್ಲಿರುವಾಗಲೇ ತರಬೇತುದಾರರು ಮೊಬೈಲ್ ಹಿಡಿದು ಇನ್ನೊಬ್ಬರ ವಿಡಿಯೊ ತೆಗೆಯಲು ಹೋದರು. ತೊಡೆಯ ಬಳಿ ಬಟ್ಟೆ ಜಾರಿತು, ನಾನು ಕೈಯೂರಿ ಕೆಳಗೆ ಬಿದ್ದೆ. ಕೆಳಗಿದ್ದದ್ದು ಟೈಲ್ಸ್ ನೆಲದ ಮೇಲೆ ಹಾಸಿದ್ದ ತೆಳ್ಳನೆಯ ಯೋಗ ಮ್ಯಾಟ್.

‘ಉಳುಕಿರಬೇಕು, ಐಸ್ ಇಟ್ಟುಕೊಳ್ಳಿ ಮೇಡಂ, ನಾಳೆಗೆ ಸರಿಹೋಗುತ್ತದೆ’ ಎಂದರು ತರಬೇತುದಾರರು. ಕೈ ಅಷ್ಟೇನೂ ಊದಿಕೊಂಡಿರಲಿಲ್ಲ. ಆದರೆ ಹೆಬ್ಬೆರಳನ್ನು ಹಿಂದಕ್ಕೆ ಚಾಚಿದಾಗ ಅದರ ಬುಡದಲ್ಲಿ ಮೂಡುವ ಚಿಕ್ಕ ಗುಳಿಯನ್ನು ಒತ್ತಿದರೆ ತಡೆಯಲಾರದಷ್ಟು ನೋವಾಗುತ್ತಿತ್ತು. ಅಂದಿನ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲವಾದರೂ ಮೂಳೆ ತಜ್ಞರು ಆ ಗುಳಿಯನ್ನು ಒತ್ತಿ ನೋಡಿ, ಕೈ ಅಲುಗಾಡದಂತೆ ಕಟ್ಟಿ, ಎರಡು ವಾರ ಬಿಟ್ಟು ಮತ್ತೊಮ್ಮೆ ತೆಗೆಸಿದಾಗ ಸ್ಕೇಫಾಯ್ಡ್ ಎಂಬ ಸಣ್ಣ ಮೂಳೆಯಲ್ಲಿ ಬಿರುಕು ಸ್ಪಷ್ಟವಾಗಿ ಕಂಡಿತು. ಈ ಮೂಳೆಗೆ ರಕ್ತ ಪೂರೈಕೆ ಕಡಿಮೆ. ಉಳುಕೆಂದು ಬಿಟ್ಟರೆ ಅದು ಕೂಡಿಕೊಳ್ಳದೆ ಉಳಿದು, ಮುಂದೆ ಮಣಿಕಟ್ಟಿನ ಕೀಲೇ ಸವೆಯಬಹುದು. ಆದ್ದರಿಂದ ಕೈಯೂರಿ ಬಿದ್ದವರು ಯಾರೇ ಆಗಲಿ, ಆ ಗುಳಿಯಲ್ಲಿ ನೋವಿದ್ದರೆ ಮೊದಲ ಎಕ್ಸ್‌ರೇ ಸರಿಯಾಗಿದೆ ಎಂದು ಸುಮ್ಮನಾಗದಿರಿ.

ಕಲಿಸಬೇಕಾದ ಕ್ರಮವೇ ಬೇರೆ ಎಂಬುದನ್ನು ಅನುಭವಸ್ಥ ಶಿಕ್ಷಕರೊಬ್ಬರು ಅನಂತರ ನನಗೆ ವಿವರಿಸಿದರು. ಹೊಸಬರಿಗೆ ಬಟ್ಟೆಯನ್ನು ಸೊಂಟದ ಎತ್ತರಕ್ಕೆ ಗಂಟು ಹಾಕಿ, ಕಾಲು ನೆಲಕ್ಕೆ ಎಟುಕುವಂತೆ ಇಟ್ಟುಕೊಂಡೇ ಭುಜ ಮತ್ತು ಹೊಟ್ಟೆಯ ಸ್ನಾಯುಗಳ ಬಳಕೆಯನ್ನು ಹೇಳಿಕೊಡುತ್ತಾರೆ. ಪಾದಕ್ಕೆ ಬಟ್ಟೆ ಸುತ್ತಿ ನಿಲ್ಲುವುದನ್ನೂ, ಜಾರದೆ ಒಂದೊಂದೇ ಕೈ ಕೆಳಗಿಟ್ಟು ಇಳಿಯುವುದನ್ನೂ ಕಲಿಸಿದ ಮೇಲೆಯೇ ಮುಂದಿನ ಪಾಠ. ಜಾರಿ ಇಳಿದರೆ ಬಟ್ಟೆಯ ಉಜ್ಜಿಗೆ ಚರ್ಮ ಸುಟ್ಟಂತೆ ಕಿತ್ತುಬರುತ್ತದೆ. ನಮ್ಮ ಉತ್ತರ ಕರ್ನಾಟಕದ ಮಲ್ಲಕಂಬದ ಗುರುಗಳು ಹಿಡಿತ ಪಳಗುವ ಮುನ್ನ ಯಾವ ಮಗುವನ್ನೂ ತಲೆಕೆಳಗು ಮಾಡುವುದಿಲ್ಲ. ದುಡ್ಡು ಕೊಟ್ಟು ಕಲಿಯುವ ನಾವು ಆ ತಾಳ್ಮೆಯನ್ನು ಇಲ್ಲಿಯೂ ಕೇಳಬೇಕು.

ಹಣ ಕೊಡುವ ಮುನ್ನ ಕೇಂದ್ರಕ್ಕೆ ಹೋಗಿ ಮೇಲೆ ನೋಡಿ. ಬಟ್ಟೆ ಫಾಲ್ಸ್ ಸೀಲಿಂಗ್‌ನೊಳಗಿನಿಂದ ಇಳಿದು ಬಂದಿದ್ದರೆ ಅದನ್ನು ಯಾವುದಕ್ಕೆ ಬಿಗಿದಿದ್ದಾರೆಂದು ಕೇಳಿ. ಕಟ್ಟಡದ ಭಾರ ಹೊರುವ ಕಾಂಕ್ರೀಟ್ ಅಥವಾ ಉಕ್ಕಿನ ತೊಲೆಗೆ ಬಿಗಿದು, ಎಂಜಿನಿಯರ್ ಪರೀಕ್ಷಿಸಿದ್ದರೆ ಮಾತ್ರ ಅದು ಭರವಸೆಗೆ ಅರ್ಹ. ಬಟ್ಟೆಯನ್ನು ಕೊಕ್ಕೆಗೆ ಸೇರಿಸುವ ಕ್ಯಾರಬಿನರ್ ಎಂಬ ಲೋಹದ ಕೊಂಡಿಯ ಮೇಲೆ ಅದು ತಡೆಯುವ ಬಲವನ್ನು ಕಿಲೋನ್ಯೂಟನ್‌ಗಳಲ್ಲಿ ಕೊರೆದಿರುತ್ತಾರೆ. 22 ಎಂದಿದ್ದರೆ ಅದು ಸುಮಾರು 2,240 ಕಿಲೋ ತೂಕಕ್ಕೆ ಸಮ. ಇದು ಅತಿಯಾಯಿತೆನ್ನಿಸಬಹುದು, ಆದರೆ ಮೇಲಿನಿಂದ ಕುಸಿದು ಥಟ್ಟನೆ ನಿಂತಾಗ ದೇಹದ ತೂಕದ ಹಲವು ಪಟ್ಟು ಬಲ ಕೊಕ್ಕೆಯ ಮೇಲೆ ಬೀಳುತ್ತದೆ. ಯಾವ ಗುರುತೂ ಇಲ್ಲದ ಹಾರ್ಡ್‌ವೇರ್ ಅಂಗಡಿಯ ಕೊಕ್ಕೆ ಕಂಡರೆ ಅಲ್ಲಿಂದಲೇ ಹಿಂತಿರುಗಿ. ಕೆಳಗೆ ಕನಿಷ್ಠ ಒಂದು ಗೇಣು ದಪ್ಪದ ಕ್ರ್ಯಾಶ್ ಮ್ಯಾಟ್, ಅಂದರೆ ಬಿದ್ದವರ ಪೆಟ್ಟು ತಗ್ಗಿಸುವ ಮೆತ್ತನೆಯ ಹಾಸು, ಇರಬೇಕು.

ಬಾಗಿಲಲ್ಲೇ ಸಹಿ ಹಾಕಿಸಿಕೊಂಡ ‘ಗಾಯವಾದರೆ ನಾವು ಹೊಣೆಯಲ್ಲ’ ಎಂಬ ಹಾಳೆಯನ್ನು ತೋರಿಸಿ ಆ ಕೇಂದ್ರದವರು ಶುಲ್ಕವನ್ನೂ ಹಿಂದಿರುಗಿಸಲಿಲ್ಲ. ಅಂಥ ಸಹಿಯಿಂದ ದೂರು ಕೊಡುವ ಹಕ್ಕು ಹೋಗುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಗಾಗಿ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು, 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ಕರೆ ಮಾಡಬಹುದು. ನಾನು ಹಣ ಪಾವತಿಸಿದ ರಸೀದಿ, ಎರಡೂ ಎಕ್ಸ್‌ರೇಗಳು, ವೈದ್ಯರ ಚೀಟಿ ಮತ್ತು ಆ ತೆಳ್ಳನೆಯ ಮ್ಯಾಟ್ ಕಾಣುವಂತೆ ಸಹಪಾಠಿಯೊಬ್ಬರು ತೆಗೆದಿದ್ದ ಚಿತ್ರವನ್ನು ಜೋಡಿಸಿ ದೂರು ಸಲ್ಲಿಸಿದ್ದೇನೆ.